ಕೆಂಚನ ಬಂಧವಿಮೋಚನೆ

ನಾಯಿಗಿಂತ ಮೊದಲು ನಾಯಿಯ ಬೋನನ್ನು ಕೊಳ್ಳಬೇಕೆಂಬುದು ಅಮೆರಿಕಾ ದೇಶದ ಶ್ವಾನಶಾಸ್ತ್ರದ ಪ್ರಥಮ ಸೂತ್ರ. ಕ್ರೇಟ್ ಎಂದು ಕರೆಯಲ್ಪಡುವ ಈ ಸಾಧನವು ಕಪ್ಪು ಬಣ್ಣ ಬಳಿದ ಉಕ್ಕಿನ ಸರಳುಗಳಿಂದ ಹೆಣೆದದ್ದಾಗಿಯೂ, ಮಡಿಸಿದರೆ ಮಂಚದ ಕೆಳಗೆ ತೂರುವಷ್ಟು ಚಪ್ಪಟೆಯಾಗಿಯೂ, ಬಿಡಿಸಿದರೆ ನಡುಮನೆಯ ಕಾಲುಭಾಗವನ್ನು ಆಕ್ರಮಿಸಿಕೊಳ್ಳುವಷ್ಟು ಧಾರಾಳವಾಗಿಯೂ ಇದ್ದು, ತಳದಲ್ಲಿ ಹೊರಕ್ಕೆಳೆದು ತೊಳೆಯಬಹುದಾದ ತಟ್ಟೆಯೊಂದನ್ನೂ, ಒಳಗೆ ಮರಿಯು ಬೆಳೆದಂತೆಲ್ಲ ಹಿಂದಕ್ಕೆ ಸರಿಸಬಹುದಾದ ತಡಿಕೆಯೊಂದನ್ನೂ ಪಡೆದಿರುತ್ತದೆ. ನಾಯಿಯು ಅದರೊಳಗೆ ನಿಲ್ಲಬಲ್ಲಷ್ಟು, ಸುತ್ತು ತಿರುಗಬಲ್ಲಷ್ಟು, ಕಾಲು ಚಾಚಿ ಮಲಗಬಲ್ಲಷ್ಟು ಸ್ಥಳವಿದ್ದರೆ ಸಾಕು. ಅದಕ್ಕಿಂತ ಒಂದು ಮೊಳ ಹೆಚ್ಚಾದರೂ ಬುದ್ಧಿವಂತ ಮರಿಯು ಈ ಮೂಲೆಯನ್ನು ಶಯ್ಯಾಗೃಹವೆಂದೂ ಆ ಮೂಲೆಯನ್ನು ಶೌಚಗೃಹವೆಂದೂ ವಿಭಾಗ ಮಾಡಿಕೊಂಡು ನೆಮ್ಮದಿಯಾಗಿ ಸಂಸಾರ ಹೂಡಿಬಿಡುತ್ತದೆ. ತಾನು ಮಲಗುವ ನೆಲವನ್ನು ಹೊಲಸು ಮಾಡದಿರುವುದು ನಾಯಿಯ ಜಾತಿಧರ್ಮ. ಎಷ್ಟು ತಿಂಗಳ ಮರಿಯೋ ಹೆಚ್ಚುಕಡಮೆ ಅಷ್ಟು ಗಂಟೆಗಳ ಕಾಲ ಅದು ಜಲಬಾಧೆಯನ್ನು ತಡೆದುಕೊಳ್ಳಬಲ್ಲುದೆಂಬುದು ಈ ಶಾಸ್ತ್ರದ ಸ್ಥೂಲಗಣಿತ. ಈ ಧರ್ಮ, ಈ ಗಣಿತ ಇವೆರಡನ್ನು ನಂಬಿಯೇ ಆ ದೇಶದ ಅಸಂಖ್ಯಾತ ಗೃಹಸ್ಥರು ನೆಲಕ್ಕೆಲ್ಲ ತಿಳಿಬಣ್ಣದ ಕಾರ್ಪೆಟ್ಟು ಹಾಸಿಕೊಂಡೂ ನಾಯಿ ಸಾಕುವ ಧೈರ್ಯ ಮಾಡುತ್ತಾರೆ.

ನ್ಯೂಜೆರ್ಸಿಯ ನಮ್ಮ ಮನೆಗೆ ನಾಯಿ ಬಂದದ್ದು ಮಗಳ ಹಠದಿಂದ. ಕ್ರೇಟ್ ಬಂದದ್ದು ನನ್ನಾಕೆಯ ವಿವೇಕದಿಂದ. ಎರಡಕ್ಕೂ ಹಣ ಎಲ್ಲಿಂದ ಬಂದಿತೆಂಬುದು ಇಲ್ಲಿ ಅಪ್ರಸ್ತುತ. ಲ್ಯಾಬ್ರಡಾರ್ ಜಾತಿಯ, ಕೆಂಪು ಬಣ್ಣಕ್ಕೆ ತಿರುಗಿದ ಮೈಯ ಗಂಡುಮರಿ. ಆ ರಾಜ್ಯದ ಕಾನೂನಿನ ಮೇರೆಗೆ 7 ತಿಂಗಳು ತುಂಬಿದ ನಾಯಿಗೆ ಪುರಸಭೆಯಿಂದ ಲೈಸೆನ್ಸ್ ಪಡೆಯಬೇಕಾಗಿರುವುದರಿಂದ, ಸರ್ಕಾರಿ ದಾಖಲೆಯಲ್ಲಿ ಮಗಳ ಇಚ್ಛೆಯಂತೆ ಅದರ ಹೆಸರು ಕೂಪರ್ ಎಂದಾಯಿತು. ಊರಿನಿಂದ ಬಂದಿಳಿದ ನಮ್ಮ ತಂದೆಯವರು ಮಾತ್ರ ಅದರ ಮೈಬಣ್ಣವನ್ನೊಮ್ಮೆ ನೋಡಿ, ಲೈಸೆನ್ಸನ್ನು ಲೆಕ್ಕಿಸದೆ, “ಬಾರೋ ಕೆಂಚ” ಎಂದರು. ಅಂದಿನಿಂದ ಅದು ಎರಡು ಹೆಸರುಗಳಿಗೂ ಸಮಾನವಾಗಿ ಕಿವಿಯೆತ್ತಿ, ಯಾವ ಹೆಸರಿಗೂ ಎದ್ದು ಬಾರದೆ, ತಿಂಡಿಯ ಡಬ್ಬಿಯ ಮುಚ್ಚಳ ತೆರೆದ ಶಬ್ದಕ್ಕೆ ಮಾತ್ರ ಓಡಿಬರುವ ದ್ವಿಭಾಷಾ ಪಂಡಿತನಾಯಿತು.

ಬೋನು ಮರಿಯ ಬಾಲ್ಯಕ್ಕೆ ಮಾತ್ರ ಸಂಬಂಧಿಸಿದ ಸಂಸ್ಕಾರವೆಂದೂ, ವರ್ಷ ತುಂಬುತ್ತ ಬಂದ ನಾಯಿಯು ಬಹಳ ಕಾಲದಿಂದ ಮನೆಯೊಳಗೆ ಅಪಚಾರವೆಸಗದೆ, ಕುರ್ಚಿಯ ಕಾಲನ್ನಾಗಲಿ ಚಪ್ಪಲಿಯ ಪಟ್ಟಿಯನ್ನಾಗಲಿ ಕಡಿಯದೆ ಇದ್ದಲ್ಲಿ, ಅದನ್ನು ರಾತ್ರಿಯ ಬಂಧನದಿಂದ ಮೆಲ್ಲಮೆಲ್ಲನೆ ಬಿಡಿಸಬೇಕೆಂದೂ ಅದೇ ಶಾಸ್ತ್ರವು ಹೇಳುತ್ತದೆ. ‘ಮೆಲ್ಲಮೆಲ್ಲನೆ’ ಎಂಬ ಮಾತಿನಲ್ಲಿಯೇ ಇರುವುದು ಅದರ ಜೀವ. ಮೊದಲು ಹಗಲಿನಲ್ಲಿ ಬಾಗಿಲನ್ನು ತೆರೆದಿಟ್ಟು ಹೋಗಿಬರುವ ಸ್ವಾತಂತ್ರ್ಯವನ್ನು ಕೊಡತಕ್ಕದ್ದು. ಅನಂತರ ಹಾಸಿಗೆಯನ್ನು ಬೋನಿನ ಪಕ್ಕಕ್ಕೆ ತರತಕ್ಕದ್ದು. ತರುವಾಯ ಮಕ್ಕಳ ಅಡ್ಡಗೇಟಿನಿಂದ ಒಂದೇ ಕೋಣೆಯ ಮಟ್ಟಿಗೆ ಸರಹದ್ದನ್ನು ಗೊತ್ತುಮಾಡಿ, ಮನೆಯವರು ಕೆಲವು ನಿಮಿಷ ಹೊರಗೆ ಹೋಗಿ ಬಂದು, ಆಮೇಲೆ ಒಂದು ಗಂಟೆ ಹೋಗಿ ಬಂದು, ನಾಯಿಯ ನಡತೆಯನ್ನು ಪರೀಕ್ಷಿಸಿ, ಕಟ್ಟಕಡೆಗೆ ರಾತ್ರಿಯ ಸ್ವಾತಂತ್ರ್ಯವನ್ನು ದಯಪಾಲಿಸತಕ್ಕದ್ದು. ನಡುವೆ ಎಲ್ಲಿ ತಪ್ಪಿದರೂ ಹಿಂದಿನ ಮೆಟ್ಟಿಲಿಗೆ ಇಳಿಯತಕ್ಕದ್ದು. ನನ್ನಾಕೆ ಇವೆಲ್ಲವನ್ನೂ ಬಣ್ಣಬಣ್ಣದ ಗೆರೆಗಳಲ್ಲಿ ಪಟ್ಟಿಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಆ ಪಟ್ಟಿಯಲ್ಲಿ ನಾಯಿಗೆ ಅಂಕಣವಿದ್ದಿತು, ದಿನಕ್ಕೆ ಅಂಕಣವಿದ್ದಿತು. ಅತ್ತೆಮಾವಂದಿರಿಗೆ ಮಾತ್ರ ಯಾವ ಅಂಕಣವೂ ಇರಲಿಲ್ಲ.

ಅವರು ಬಂದದ್ದು, ಸಂದರ್ಶಕರಿಗೆ ಸಾಮಾನ್ಯವಾಗಿ ಸಿಗುವ ಆರು ತಿಂಗಳ ಮುದ್ರೆಯೊಡನೆ, ಸರಿಯಾಗಿ ಮೊದಲನೆಯ ಮೆಟ್ಟಿಲಿನ ಹೊತ್ತಿಗೆ. ತಂದೆಯವರು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ಚರಿತ್ರೆ ಅವರ ವಿಷಯ. ಬೋನನ್ನು ನೋಡಿದೊಡನೆ ಅವರು ಶಲ್ಯವನ್ನು ಸರಿಪಡಿಸಿಕೊಂಡ ರೀತಿಯಿಂದಲೇ ಪಾಠ ಆರಂಭವಾಗಲಿದೆಯೆಂಬುದು ನನಗೆ ಗೊತ್ತಾಯಿತು.

“ಏನಯ್ಯ, ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಓದಿದ್ದೀಯಾ?” ಎಂದರು.

ಓದಿರಲಿಲ್ಲವಾದರೂ, ಬಾಲ್ಯದಿಂದ ಕೇಳಿ ಕೇಳಿ ನನಗೆ ಅದು ಬಾಯಿಪಾಠವಾಗಿದ್ದಿತು. ಕ್ರಿ.ಶ. 949ರ ಸುಮಾರಿನಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗರ ಇಮ್ಮಡಿ ಬೂತುಗನ ಸಹಾಯದಿಂದ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲದಲ್ಲಿ, ಶೌರ್ಯವನ್ನು ಮೆರೆದ ಮಣಲೆರನೆಂಬ ವೀರನನ್ನು ಏನು ಬೇಕೋ ಕೇಳಿಕೋ ಎಂದಾಗ, ಅವನು ಊರನ್ನು ಕೇಳದೆ, ಹೊನ್ನನ್ನು ಕೇಳದೆ, ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು; ಆ ನಾಯಿಯು ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಲು, ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿಬಿಟ್ಟರು; ನಾಯಿಯೂ ಹಂದಿಯೂ ಸೆಣಸುತ್ತಿರುವ ಆ ಕಲ್ಲು ಈಗಲೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

“ಸಾವಿರ ವರ್ಷದ ಹಿಂದೆ ನಮ್ಮವರು ನಾಯಿಗೆ ವೀರಗಲ್ಲು ಕೊಟ್ಟರು. ನೀನು ಏನು ಕೊಟ್ಟಿದ್ದೀಯೆ? ತಂತಿ ಪೆಟ್ಟಿಗೆ!” ಎಂದು ಅವರು ಉಪಸಂಹರಿಸಿದರು. ಆ ಸಮಯದಲ್ಲಿ ಕಾಳಿಯ ವಾರಸುದಾರನಾದ ಕೆಂಚನು ಪೆಟ್ಟಿಗೆಯೊಳಗೆ ಅಂಗಾತ ಮಲಗಿ, ನಾಲ್ಕು ಕಾಲುಗಳನ್ನೂ ಗಗನಕ್ಕೆ ಎತ್ತಿ, ಗೊರಕೆ ಹೊಡೆಯುತ್ತಿದ್ದನು.

ತಂದೆಯವರ ಪಕ್ಷಕ್ಕೆ ಅನಿರೀಕ್ಷಿತವಾದ ಬಲವು ಸ್ಟಾಕ್‌ಹೋಮಿನಿಂದ ದೊರೆಯಿತು. ಅಲ್ಲಿ ನೆಲಸಿರುವ ನನ್ನ ಚಿಕ್ಕಪ್ಪನ ಮಗನು ವೀಡಿಯೋ ಕರೆಯಲ್ಲಿ ಬೋನನ್ನು ಕಂಡು, ಸ್ವೀಡನ್ನಿನಲ್ಲಿ ಮನೆಯೊಳಗೆ ನಾಯಿಯನ್ನು ಹೀಗೆ ಬೋನಿನಲ್ಲಿಡುವುದು ಕಾನೂನಿಗೆ ವಿರುದ್ಧವೆಂದೂ, ಪ್ರಯಾಣ ಪ್ರದರ್ಶನ ಮೊದಲಾದ ಸಂದರ್ಭಗಳಿಗಷ್ಟೇ ವಿನಾಯಿತಿಯುಂಟೆಂದೂ ತಿಳಿಸಿದನು. ಅಮೆರಿಕಾದಲ್ಲಿ ವಾತ್ಸಲ್ಯವೆನಿಸಿದ್ದು ಸ್ವೀಡನ್ನಿನಲ್ಲಿ ಅಪರಾಧವಾಗುವುದಾದರೆ ಶಾಸ್ತ್ರವೆಂಬುದಕ್ಕೆ ಏನು ಅರ್ಥವೆಂದು ತಂದೆಯವರು ಸೊಸೆಯನ್ನು ಕೇಳಿದರು. “ನಾವೂ ಬಿಡುವುದಕ್ಕೇ ಹೊರಟಿರೋದು, ಮಾವ. ಸ್ವಲ್ಪ ನಿಧಾನವಾಗಿ ಅಷ್ಟೆ” ಎಂದು ಅವಳು ಪಟ್ಟಿಯ ಕಡೆಗೆ ಕೈ ತೋರಿಸಿದಳು. ಬಿಡುಗಡೆಗೆ ಕಂತುಗಳನ್ನು ಗೊತ್ತುಮಾಡುವುದು ಬ್ರಿಟಿಷರ ಪದ್ಧತಿಯೆಂಬುದು ತಂದೆಯವರ ಅಭಿಪ್ರಾಯವಾಗಿದ್ದಿತು.

ಬೋನಿನ ಪರವಾಗಿ ಮನೆಯಲ್ಲಿ ದೃಢವಾಗಿ ನಿಂತವರು ನಮ್ಮ ತಾಯಿಯವರು. ಇದು ನನ್ನಾಕೆಗೆ ಪರಮಾಶ್ಚರ್ಯವನ್ನುಂಟುಮಾಡಿತು, ಏಕೆಂದರೆ, ನಮ್ಮ ಮಗಳು ಹಸುಗೂಸಾಗಿದ್ದಾಗ, ಕೂಸನ್ನು ತಂದೆತಾಯಿಯರ ಕೋಣೆಯಲ್ಲಿಯೇ ಆದರೂ ಬೇರೆಯೇ ತೊಟ್ಟಿಲಲ್ಲಿ ಮಲಗಿಸಬೇಕೆಂಬ ಆ ದೇಶದ ಮಕ್ಕಳ ವೈದ್ಯರ ಮಾತನ್ನು ನಾವು ಪಾಲಿಸಿದುದಕ್ಕಾಗಿ, “ಹೆತ್ತ ಮಗೂನ ಸರಳಿನ ಹಿಂದೆ ಹಾಕ್ತಾರೇನೋ, ಪಾಪಿಗಳಾ!” ಎಂದು ಕಣ್ಣೀರು ಸುರಿಸಿದವರು ಅವರೇ. ಈಗ ಅದೇ ಸರಳುಗಳನ್ನು ಅವರು ಸಮರ್ಥಿಸತೊಡಗಿದ್ದಕ್ಕೆ ಪಶುವೈದ್ಯವು ಕಾರಣವಾಗಿರಲಿಲ್ಲ, ಮಡಿ ಕಾರಣವಾಗಿದ್ದಿತು. ಬೆಳಗಿನ ಝಾವದಲ್ಲಿ ಸ್ನಾನಮಾಡಿ, ನೆಲಮಾಳಿಗೆಯ ಕೋಲಿನ ಮೇಲೆ ಯಾರ ಕೈಯೂ ತಾಕದಂತೆ ಒಣಗಿದ ಸೀರೆಯನ್ನುಟ್ಟು, ಬಟ್ಟೆಯ ಅಲಮಾರಿಯೊಂದನ್ನು ತೆರವುಮಾಡಿ ನಾವು ನಿರ್ಮಿಸಿದ ದೇವರಮನೆಯನ್ನು ಅವರು ತಲುಪುವಷ್ಟರೊಳಗೆ, ದಾರಿಯಲ್ಲಿ ಎಲ್ಲಿ ಯಾವ ತೇವದ ಮೂಗು ಬಂದು ಕಾಲಿಗೆ ತಾಕುವುದೋ ಎಂಬ ಭೀತಿಯಿಲ್ಲದೆ ನಡೆಯಲು ಅನುಕೂಲವಾದ ಏಕೈಕ ಅಮೆರಿಕನ್ ಸಂಸ್ಥೆಯೆಂದರೆ ಕ್ರೇಟ್. “ಈ ಊರಿನವರು ಕಂಡುಹಿಡಿದಿರೋದರಲ್ಲಿ ಇದೊಂದು ಲಕ್ಷಣವಾಗಿದೆ” ಎಂದು ಅವರು ಅದರ ಚಿಲಕವನ್ನು ದೂರದಿಂದಲೇ ಮೆಚ್ಚಿಕೊಂಡರು.

ಸೊಸೆಯು ತನ್ನ ಕಡೆಯಿಂದ ಇನ್ನೊಂದು ಅಸ್ತ್ರವನ್ನು ಅರಿಯದೆಯೇ ಒದಗಿಸಿದಳು. ರಾತ್ರಿಯಲ್ಲಿ ಬಿಡುಗಡೆ ಹೊಂದಿದ ನಾಯಿಗೆ ಅಡಿಗೆಮನೆಯಲ್ಲಿ ಎಟುಕಬಾರದ ವಸ್ತುಗಳು ಯಾವುವೆಂಬುದನ್ನು ಅವಳು ಒಂದು ಸಂಜೆ ಎಲ್ಲರಿಗೂ ಕೇಳುವಂತೆ ಓದಿದಳು. ಚಾಕಲೇಟು ಆಗದು, ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಜೈಲಿಟಾಲ್ ಪ್ರಾಣಾಪಾಯಕರ, ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ನೆತ್ತರಿನ ಕೆಂಪುಕಣಗಳನ್ನು ನಾಶಮಾಡುತ್ತವೆ. ಈರುಳ್ಳಿ ಬೆಳ್ಳುಳ್ಳಿ ಸಲ್ಲದ ಪ್ರಾಣಿಯೆಂಬುದನ್ನು ಕೇಳಿದೊಡನೆ ತಾಯಿಯವರ ಮುಖದಲ್ಲಿ ಕೆಂಚನ ಬಗೆಗೆ ಮೊಟ್ಟಮೊದಲನೆಯ ಬಾರಿಗೆ ಗೌರವದ ಛಾಯೆಯೊಂದು ಸುಳಿಯಿತು. ಆದರೆ ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. ದ್ರಾಕ್ಷಿ ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆಂಬುದು ಮೊದಲೇ ತಿಳಿದ ಸಂಗತಿಯಾದರೂ, ಏಕೆಂಬುದು ಬಹುಕಾಲ ತಿಳಿದಿರಲಿಲ್ಲವಂತೆ. ಟಾರ್ಟಾರಿಕ್ ಆಮ್ಲವೇ ಅದಕ್ಕೆ ಕಾರಣವಾಗಿರಬೇಕೆಂಬ ಊಹೆಗೆ ಪುಷ್ಟಿ ಕೊಡುವಂತೆ, ಹುಣಸೆಹಣ್ಣನ್ನು ತಿಂದ ನಾಯಿಗಳಿಗೂ ಅದೇ ಗತಿಯಾದ ಪ್ರಸಂಗಗಳನ್ನು ಪಶುವೈದ್ಯರು 2022ರಲ್ಲಿ ಪ್ರಕಟಪಡಿಸಿದ್ದಾರೆ.

ಹುಣಸೆಹಣ್ಣು! ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಪಾಯಸದ ದ್ರಾಕ್ಷಿಯನ್ನು ಬಿಟ್ಟರೂ ಬಿಡಬಹುದು. ಸಾರು, ಹುಳಿ, ಗೊಜ್ಜು, ಪುಳಿಯೋಗರೆ, ತೊಕ್ಕು ಇವುಗಳನ್ನು ಕಳೆದರೆ ಕನ್ನಡಿಗನ ಅಡಿಗೆಮನೆಯಲ್ಲಿ ಉಳಿಯುವುದಾದರೂ ಏನು? ಆ ದೇಶದ ನೆರೆಯವನ ಅಡಿಗೆಮನೆಗೆ ಒಂದು ಅಡ್ಡಗೇಟು ಸಾಕಾದರೆ ನಮ್ಮದಕ್ಕೆ ಕೋಟೆಯ ಬಾಗಿಲೇ ಬೇಕೆಂಬುದು ಸಿದ್ಧವಾಯಿತು.

“ನಮ್ಮೂರಿನ ನಾಯಿಗಳು ತಲೆತಲಾಂತರದಿಂದ ಹುಳಿಯನ್ನ ತಿಂದುಕೊಂಡೇ ಬದುಕಿದವು” ಎಂದು ತಂದೆಯವರು ಆಕ್ಷೇಪಿಸಿದರು.

“ಅವು ಎಷ್ಟು ದಿವಸ ಬದುಕಿದವೂಂತ ಯಾರು ಲೆಕ್ಕ ಇಟ್ಟಿದ್ದರು, ಅಂದ್ರೆ?” ಎಂದು ತಾಯಿಯವರು ಕೇಳಿದರು. ಚರಿತ್ರೆಯ ಉಪಾಧ್ಯಾಯರಿಗೆ ದಾಖಲೆಯ ಅಭಾವಕ್ಕಿಂತ ದೊಡ್ಡ ಸೋಲಿಲ್ಲ. ಅವರು ಪತ್ರಿಕೆಯನ್ನು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು.

ಹೀಗೆ ಒಂದೇ ಬೋನಿನ ಸುತ್ತ ಚರಿತ್ರೆ, ಮಡಿ, ಶಾಸ್ತ್ರೋಕ್ತ ಪಟ್ಟಿ ಎಂಬ ಮೂರು ಮತಗಳು ಹುಟ್ಟಿಕೊಂಡವು. ನಾಯಿಯನ್ನು ನೇರವಾಗಿ ತನ್ನ ಹಾಸಿಗೆಯಲ್ಲಿಯೇ ಮಲಗಿಸಿಕೊಳ್ಳತಕ್ಕದ್ದೆಂಬ ಮಗಳ ಮತವು ನಾಲ್ಕನೆಯದು. ನನಗೆ ಮತವಿರಲಿಲ್ಲ. ಸಂಸಾರದಲ್ಲಿ ಮತವಿಲ್ಲದವನ ಪಾಲಿಗೆ ಬರುವ ಕೆಲಸವೆಂದರೆ ಅಡ್ಡಗೇಟಿನ ತಿರುಪುಗಳನ್ನು ಬಿಗಿಮಾಡುವುದು.

ಬಾಗಿಲನ್ನು ತೆರೆದಿಟ್ಟ ಮೊದಲ ರಾತ್ರಿ, ವಿಮೋಚನೆಯನ್ನು ಕಣ್ಣಾರೆ ಕಾಣಬೇಕೆಂದು ತಂದೆಯವರು ಮೆಟ್ಟಿಲ ಮೇಲೆ ಬ್ಯಾಟರಿ ಹಿಡಿದು ಕುಳಿತರು. ಕೆಂಚನು ತೆರೆದ ಬಾಗಿಲನ್ನು ನೋಡಿದನು, ತಂದೆಯವರನ್ನು ನೋಡಿದನು, ಬಾಗಿಲು ಹಾಕಲು ಮರೆತರೆಂದು ಭಾವಿಸಿಯೋ ಏನೋ ದೀರ್ಘವಾಗಿ ನಿಟ್ಟುಸಿರುಬಿಟ್ಟು, ಇನ್ನಷ್ಟು ಒಳಕ್ಕೆ ಸರಿದು ಮಲಗಿದನು. “ದಾಸ್ಯ ಅಭ್ಯಾಸವಾಗಿಬಿಟ್ಟಿದೆ” ಎಂದು ತಂದೆಯವರು ಮಮ್ಮಲ ಮರುಗಿದರು. ಕ್ರೇಟಿನಲ್ಲಿ ಬೆಳೆದ ನಾಯಿಗೆ ಅದು ಸೆರೆಯೆನಿಸದೆ ಗವಿಯೆನಿಸುವುದು ಸಹಜವೆಂದೂ, ಅದನ್ನು ಹೊರಕ್ಕೆಳೆಯಲಾಗದೆಂದೂ, ಅದಾಗಿಯೇ ಬರುವಂತೆ ಹಾಸಿಗೆಯನ್ನಿಟ್ಟು ಕಾಯಬೇಕೆಂದೂ ನನ್ನಾಕೆ ವಿವರಿಸಿದಳು. ಕಾದೆವು. ಕೆಲವು ರಾತ್ರಿಗಳಾದ ಮೇಲೆ ಕೆಂಚನು ಹೊರಗೆ ಬಂದನು, ಬಂದವನು ಮಲಗಲಿಲ್ಲ. ಮರದ ನೆಲದ ಮೇಲೆ ಉಗುರಿನ ಟಿಕ್‌ಟಿಕ್ ಶಬ್ದವನ್ನೆಬ್ಬಿಸುತ್ತ, ನಡುಮನೆಯಿಂದ ಊಟದ ಮನೆಗೂ ಊಟದ ಮನೆಯಿಂದ ಮೆಟ್ಟಿಲಿಗೂ ಸುತ್ತಿ, ಒಬ್ಬೊಬ್ಬರ ಬಾಗಿಲ ಸಂದಿಯಲ್ಲಿಯೂ ಮೂಗನ್ನಿಟ್ಟು ಉಸಿರಾಡಿ ನೋಡಿ, ಎಲ್ಲರೂ ಜೀವಂತರಾಗಿರುವುದನ್ನು ಖಚಿತಪಡಿಸಿಕೊಂಡು, ಆ ವಿಷಯದಲ್ಲಿ ಪುನಃ ಸಂದೇಹ ಬಂದವನಂತೆ ಮೊದಲಿನಿಂದ ಆರಂಭಿಸಿದನು. ಬಿಡುಗಡೆಯಾದವನು ಅವನು; ನಿದ್ರೆ ಕಳೆದುಕೊಂಡವರು ನಾವು.

ಇಷ್ಟೆಲ್ಲ ಸಿದ್ಧತೆಗಳ ನಡುವೆ, ಗೋಡೆಯ ಮೂಲೆಯಲ್ಲಿ ಕೆಂಪು ಕಣ್ಣು ಮಿಟುಕಿಸುತ್ತ ಕುಳಿತಿದ್ದ ಕಳ್ಳರ ಅಲಾರಮ್ಮಿನ ಮತವೇನೆಂದು ಯಾರೂ ವಿಚಾರಿಸಿರಲಿಲ್ಲ. ಚಲನೆಯನ್ನು ಗುರುತಿಸುವ ಈ ಯಂತ್ರಗಳಲ್ಲಿ ಸಾಕುಪ್ರಾಣಿಗಳನ್ನು ಉಪೇಕ್ಷಿಸುವ ಒಂದು ಬಗೆಯುಂಟು. ಆದರೆ ಆ ಉಪೇಕ್ಷೆಗೂ ತೂಕದ ಮಿತಿಯಿರುತ್ತದೆ. ನಮ್ಮ ಯಂತ್ರದ ಔದಾರ್ಯವು 40 ಪೌಂಡಿನವರೆಗೆ ಇದ್ದಿತು. ಬೆಳೆದ ಗಂಡು ಲ್ಯಾಬ್ರಡಾರಿನ ತೂಕ 65ರಿಂದ 80 ಪೌಂಡು. ಕೆಂಚನು ಬೋನಿನಲ್ಲಿದ್ದಷ್ಟು ಕಾಲ ಯಂತ್ರಕ್ಕೂ ಅವನಿಗೂ ಮುಖಾಮುಖಿಯಾಗುವ ಪ್ರಸಂಗವೇ ಬಂದಿರಲಿಲ್ಲ. ಹೊರಗೆ ಬಂದ ಮೇಲೂ ಕೆಲವು ರಾತ್ರಿ ಗೋಡೆಯ ಬದಿಯಲ್ಲಿಯೇ ಸುಳಿದಾಡುತ್ತಿದ್ದವನು, ಅಂದು ಸೋಫಾದ ಬೆನ್ನಿನ ಮೇಲೆ ಮುಂಗಾಲುಗಳನ್ನೂರಿ ಎದ್ದುನಿಂತು ಕಿಟಕಿಯಾಚೆಯ ಜಿಂಕೆಯನ್ನು ನೋಡಲಾಗಿ, ಮಧ್ಯರಾತ್ರಿಯ ನಿಶ್ಶಬ್ದವನ್ನು ಸೀಳಿಕೊಂಡು ಆ ಯಂತ್ರವು ಕೂಗಿಕೊಂಡಿತು.

ಅಲಾರಮ್ ಸಂಸ್ಥೆಯಿಂದ ಕರೆ ಬಂದಿತು. ಮನೆಯವರೇ ಹೌದೆಂಬುದಕ್ಕೆ ಗುಪ್ತಪದವನ್ನು ಹೇಳಬೇಕು. ಯಾವ ಕಳ್ಳನೂ ಊಹಿಸಲಾರದಂತೆ ನನ್ನಾಕೆ ಎಂದೋ ಆರಿಸಿಟ್ಟಿದ್ದ ಆ ಪದ ‘ಬಿಸಿಬೇಳೆಬಾತ್’. ಅದನ್ನು ಅವಳು ನಿದ್ದೆಗಣ್ಣಿನಲ್ಲಿ, ಅಲಾರಮ್ಮಿನ ಅರಚಾಟದ ಮೇಲೆ, ಕೆಂಚನ ಬೊಗಳಾಟದ ಮೇಲೆ, “ಏನಾಯ್ತೋ, ಯಾರು ಬಂದ್ರೋ?” ಎಂಬ ತಾಯಿಯವರ ಪ್ರಶ್ನೆಗಳ ಮೇಲೆ ಮತ್ತೆ ಮತ್ತೆ ಕೂಗಿ ಹೇಳಿದಷ್ಟೂ, ಈ ಮನೆಯಲ್ಲಿ ಯಾರಿಗೋ ಘೋರವಾದ ಹಿಂಸೆಯಾಗುತ್ತಿದೆಯೆಂಬ ನಿಶ್ಚಯವು ಆ ತುದಿಯ ಹೆಂಗಸಿಗೆ ಬಲವಾಗುತ್ತ ಹೋಯಿತು. ಪೊಲೀಸ್ ಕಾರು ಬಾಗಿಲಿಗೆ ಬಂದು ನಿಲ್ಲಲು ಹೆಚ್ಚು ಹೊತ್ತಾಗಲಿಲ್ಲ.

ಬಾಗಿಲು ತೆರೆದವರು ತಂದೆಯವರು: ಪಂಚೆ, ಸ್ವೆಟರು, ಮಂಕಿ ಕ್ಯಾಪು, ಕೈಯಲ್ಲಿ ಬ್ಯಾಟರಿ. ಆರಡಿ ಎತ್ತರದ ಯುವಕ ಅಧಿಕಾರಿಯು ಅವರನ್ನು ಆಪಾದಮಸ್ತಕ ನೋಡಿ, ಎಲ್ಲವೂ ಕ್ಷೇಮವೇ ಎಂದು ವಿಚಾರಿಸಿದನು. ಕೆಂಚನು ಈ ವೇಳೆಗೆ ತನ್ನ ಜನ್ಮದ ಮಹತ್ಕಾರ್ಯವನ್ನೆಸಗುವನೆಂಬ ನಿರೀಕ್ಷೆಯಿಂದ ತಂದೆಯವರು ಹಿಂದಿರುಗಿ ನೋಡಿದರು. ಅವನು ಅಧಿಕಾರಿಯ ಬೂಟಿನ ವಾಸನೆಯನ್ನು ಗ್ರಹಿಸಿ, ಅಂಗೈಯನ್ನು ನೆಕ್ಕಿ, ಬಾಲದಿಂದ ಛತ್ರಿಯ ಸ್ಟ್ಯಾಂಡನ್ನು ಕೆಡವಿ, ಆ ಶಬ್ದಕ್ಕೆ ತಾನೇ ಬೆದರಿ, ಓಡಿಹೋಗಿ ಬೋನಿನೊಳಗೆ ಸೇರಿಕೊಂಡನು. ನಾನು ಲೈಸೆನ್ಸ್ ತರುವಷ್ಟರಲ್ಲಿ ತಂದೆಯವರು ತಮ್ಮ ಉಪಾಧ್ಯಾಯ ಇಂಗ್ಲಿಷಿನಲ್ಲಿ ತಕ್ಕೋಲದ ಯುದ್ಧವನ್ನು ಮುಗಿಸಿ ಕಾಡುಹಂದಿಯ ಬಳಿಗೆ ಬಂದಿದ್ದರು. ಅಧಿಕಾರಿಯು ಸಭ್ಯನು, ಹಂದಿ ಸತ್ತಿತೇ ಎಂದು ಕೇಳಿದನು. ಎರಡೂ ಸತ್ತವೆಂದು ತಂದೆಯವರು ಹೇಳಿದಾಗ ಟೋಪಿಯನ್ನು ಮುಟ್ಟಿ ಸಂತಾಪವನ್ನು ಸೂಚಿಸಿದನು. ಹುಸಿ ಅಲಾರಮ್ಮಿಗೆ ಮುಂದಿನ ಸಲ ದಂಡವಿರುವುದೆಂದು ನನ್ನ ಕಿವಿಯಲ್ಲಿ ಹೇಳಿ ಹೋದದ್ದು ಆಮೇಲೆ. ಮನೆಗೆ ಬಂದವರು ಬರಿಗೈಯಲ್ಲಿ ಹೋಗಬಾರದೆಂದು ತಾಯಿಯವರು ಒಳಗಿನಿಂದ ಕೋಡುಬಳೆಯ ಪೊಟ್ಟಣವನ್ನು ಕಟ್ಟಿ ತರುವಷ್ಟರಲ್ಲಿ ಕಾರು ಹೊರಟುಹೋಗಿತ್ತು.

ಮಾರನೆಯ ದಿನ ಕೂಡಿದ ಪಂಚಾಯಿತಿಯಲ್ಲಿ ಕೆಳಗಿನ ಅಂತಸ್ತಿನ ಆ ಕಣ್ಣಿಗೆ ರಾತ್ರಿಯ ವೇಳೆ ವಿಶ್ರಾಂತಿ ಕೊಡುವುದೆಂದು ತೀರ್ಮಾನವಾಯಿತು. ಉಳಿದ ಸಮಸ್ಯೆಗಳು ಪಟ್ಟಿಯ ಹೊರಗೆ, ತಾವಾಗಿಯೇ ಪರಿಹಾರವಾದವು. ಅತಿಥಿಗಳ ಕೋಣೆಯ ಮೆತ್ತನೆಯ ಹಾಸಿಗೆಯಲ್ಲಿ ಬೆನ್ನು ಹಿಡಿದುಕೊಂಡಿತೆಂದು ತಂದೆಯವರು ಜಮಖಾನವನ್ನು ತಂದು ನಡುಮನೆಯ ನೆಲದ ಮೇಲೆ ಹಾಸಿಕೊಂಡರು. ತಾತನ ಪಕ್ಕಕ್ಕೆ ಮೊಮ್ಮಗಳು ದಿಂಬು ಎತ್ತಿಕೊಂಡು ಬಂದಳು. ಮದುವೆಮನೆಯಲ್ಲಿ ಮಲಗಿದಂತೆ ಸಾಲಾಗಿ ಮಲಗಿದ ಈ ಜನರ ಕಾಲುದೆಸೆಯಲ್ಲಿ ಕೆಂಚನು ಒಂದು ಸುತ್ತು ತಿರುಗಿ ಬಿದ್ದುಕೊಂಡನು, ಬೆಳಗಿನವರೆಗೆ ಉಗುರಿನ ಶಬ್ದವಾಗಲಿಲ್ಲ. ಎಲ್ಲರೂ ಕಣ್ಣಿಗೆ ಕಾಣುವಂತೆ ಒಂದೆಡೆ ಮಲಗಿದ ಮೇಲೆ ಅವನಿಗೆ ಗಸ್ತು ತಿರುಗುವ ಅಗತ್ಯವೇ ಉಳಿದಿರಲಿಲ್ಲ. ನನ್ನಾಕೆಯ ಪಟ್ಟಿಯಲ್ಲಿ ಇದಕ್ಕೆ ಸರಿಹೊಂದುವ ಮೆಟ್ಟಿಲಿರಲಿಲ್ಲವಾಗಿ, ಅವಳು ಷರಾ ಅಂಕಣದಲ್ಲಿ ‘ಮಾವ’ ಎಂದಷ್ಟೇ ಬರೆದಳು.

ಮಡಿಯ ವಿಷಯವು ಇನ್ನೂ ಸೂಕ್ಷ್ಮವಾಗಿದ್ದಿತು. ರಾತ್ರಿಯಲ್ಲಿ ಮಡಿಯ ಪ್ರಶ್ನೆಯೇ ಇಲ್ಲವೆಂದೂ, ಅದು ಹುಟ್ಟುವುದು ಸ್ನಾನದಿಂದ ಈಚೆಗೆಂದೂ, ಆದುದರಿಂದ ತಮ್ಮ ಸ್ನಾನದಿಂದ ಮಂಗಳಾರತಿಯವರೆಗಿನ ಕಾಲಾವಧಿಯನ್ನು ಮಾತ್ರ ನಾಯಿಯು ಬೋನಿನಲ್ಲಿ ಕಳೆದರೆ ಸಾಕೆಂದೂ ತಾಯಿಯವರು ವ್ಯವಸ್ಥೆ ಮಾಡಿಕೊಟ್ಟರು. ಅದನ್ನು ನಾಯಿಗೆ ಕಲಿಸಬೇಕಾದವರು ಯಾರೆಂದು ನಾವು ಚರ್ಚಿಸುತ್ತಿರುವಾಗಲೇ ಅದು ಕಲಿತುಕೊಂಡಿದ್ದಿತು: ಆರತಿಯ ಗಂಟೆಯಾದ ಮೇಲೆ, ಬೋನಿನೊಳಗಿದ್ದ ನಾಯಿಗೆ ಮಾತ್ರ, ಕೈ ತಾಕದಷ್ಟು ಎತ್ತರದಿಂದ ನೈವೇದ್ಯದ ತೆಂಗಿನಕಾಯಿಯ ಚೂರೊಂದು ಬೀಳುತ್ತಿದ್ದುದೇ ಗುರುವಾಯಿತು. ಮೇಲಿನ ಸ್ನಾನದ ಮನೆಯಲ್ಲಿ ನೀರಿನ ಶಬ್ದವಾದರೆ ಸಾಕು, ಕೆಂಚನು ತಂದೆಯವರ ಕಾಲಬುಡದಿಂದೆದ್ದು ತಾನಾಗಿಯೇ ಬೋನನ್ನು ಹೊಗುತ್ತಿದ್ದನು. ಚಿಲಕದ ಅಗತ್ಯ ಬೀಳಲಿಲ್ಲವಾಗಿ ನಾನು ಬಾಗಿಲನ್ನೇ ಕಳಚಿ ಗ್ಯಾರೇಜಿನಲ್ಲಿಟ್ಟೆ. “ಆಚಾರ ಕಂಡ ಪ್ರಾಣಿ” ಎಂದು ತಾಯಿಯವರು ಫೋನಿನಲ್ಲಿ ಊರಿಗೆಲ್ಲ ಹೇಳತೊಡಗಿದರು. ಹಂದಿಯೊಡನೆ ಹೋರಾಡಲಾರದ ನಾಯಿಗೆ ಆಚಾರವಾದರೂ ಇರಲೆಂದು ತಂದೆಯವರು ಒಪ್ಪಿಕೊಂಡರು.

ಈ ಕೀರ್ತಿಯು ಕನ್ನಡಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ ಹಬ್ಬಿ, ಅದೇ ತಾನೇ ಮರಿಯೊಂದನ್ನು ತಂದಿದ್ದ ದಂಪತಿಗಳು ನಮ್ಮಲ್ಲಿಗೆ ಸಲಹೆ ಕೇಳಿಕೊಂಡು ಬಂದರು. ನನ್ನಾಕೆ ಪಟ್ಟಿಯನ್ನು ತೆಗೆಯುವಷ್ಟರಲ್ಲಿ ತಾಯಿಯವರು ಎದುರಿನ ಕುರ್ಚಿಯಲ್ಲಿ ಕುಳಿತು, ತಡಿಕೆಯ ಅಳತೆ, ತಿಂಗಳು ಗಂಟೆಗಳ ಲೆಕ್ಕ, ಟಾರ್ಟಾರಿಕ್ ಆಮ್ಲದ ದೋಷ ಎಲ್ಲವನ್ನೂ ನಿರರ್ಗಳವಾಗಿ ವಿವರಿಸಿ, ವರ್ಷವಾದ ಮೇಲೆ ಬಾಗಿಲನ್ನು ಕಳಚಿಬಿಡಬಹುದೆಂದು ಅಪ್ಪಣೆ ಕೊಡಿಸಿದರು. ಆ ಹುಡುಗಿಯು ಎಲ್ಲವನ್ನೂ ಬರೆದುಕೊಂಡು, “ಅಷ್ಟು ಹೊತ್ತಿಗೆ ನಮ್ಮತ್ತೆಯವರೂ ಊರಿಂದ ಬಂದಿರ್ತಾರೆ, ಅಮ್ಮ” ಎಂದಳು.

ತಾಯಿಯವರು ಸ್ವಲ್ಪ ಯೋಚಿಸಿದರು.

“ಮಡಿಯೇನಮ್ಮಾ ಅವರು?”

“ತುಂಬಾ.”

“ಹಾಗಿದ್ರೆ ಬಾಗಿಲು ಹಾಗೇ ಇರಲಿ. ಅವರು ಬಂದು ನೋಡಿ ಹೇಳ್ತಾರೆ.”